ಅಂಕಪಟ್ಟಿಯಾಚೆಯ ಬಾಲಕ

ಮನೆಗೆ ಬಂದ ಬಂಧುಗಳು ಐದನೆಯ ತರಗತಿಯ ಬಾಲಕನನ್ನು ಹತ್ತಿರ ಕರೆದು ಕೇಳುವ ಮೊದಲ ಪ್ರಶ್ನೆ, ‘ಎಷ್ಟು ಅಂಕ ಬಂದವು?’ ಎಂಬುದು. ‘ಈ ವರ್ಷ ಏನು ಹಾಡಿದೆ, ಏನು ಮಾಡಿದೆ?’ ಎಂದು ಕೇಳುವವರು ವಿರಳ. ಮೊದಲನೆಯ ಪ್ರಶ್ನೆ ತಪ್ಪಲ್ಲ; ಎರಡನೆಯದನ್ನು ಮರೆಯುವುದು ತಪ್ಪು.

ಜವಾಹರ ನವೋದಯ ವಿದ್ಯಾಲಯ, 1963ರಲ್ಲಿ ಆರಂಭವಾದ ವಿಜಯಪುರದ ಸೈನಿಕ ಶಾಲೆ ಮುಂತಾದವುಗಳಲ್ಲಿ ಆರನೆಯ ತರಗತಿಗೆ ಪ್ರವೇಶ ದೊರೆಯಲೆಂದು ನಮ್ಮ ಅನೇಕ ಪಾಲಕರು ಒಂಬತ್ತು-ಹತ್ತು ವರ್ಷದ ಮಕ್ಕಳನ್ನು ತರಬೇತಿ ತರಗತಿಗಳಿಗೆ ಕಳುಹಿಸುತ್ತಾರೆ. ಬಡ ರೈತನ ಮಗನಿಗೂ ಉತ್ತಮ ಶಿಕ್ಷಣ ಸಿಗಲೆಂಬ ಆ ಹಂಬಲ ಗೌರವಾರ್ಹವಾದುದೇ. ಆದರೆ ಒಂದು ನವೋದಯ ವಿದ್ಯಾಲಯದ ಆರನೆಯ ತರಗತಿಗೆ ಪ್ರತಿವರ್ಷ ಸೇರಬಹುದಾದವರು ಹೆಚ್ಚೆಂದರೆ 80 ಮಕ್ಕಳು. ಪರೀಕ್ಷೆ ಬರೆದ ಬಹುಪಾಲು ಬಾಲಕರು ಹೊರಗುಳಿಯುವುದು ಅನಿವಾರ್ಯ. ಹಾಗೆ ಉಳಿದವನ ಕೈಯಲ್ಲಿ ಆಮೇಲೆ ಏನಿರುತ್ತದೆ?

ನಮ್ಮ ಬಂಧುಗಳ ಮನೆಯ ಬಾಲಕನೊಬ್ಬನು ಜೇಡಿಮಣ್ಣಿನಲ್ಲಿ ಎತ್ತು, ಬಂಡಿಗಳನ್ನು ಸೊಗಸಾಗಿ ಮಾಡುತ್ತಿದ್ದನು. 2002-03ರಲ್ಲಿ ನಮ್ಮ ಶಿಕ್ಷಣ ಇಲಾಖೆಯು ಆರಂಭಿಸಿದ ಪ್ರತಿಭಾ ಕಾರಂಜಿಯ ಸ್ಪರ್ಧೆಗೆ ಶಾಲೆಯವರು ಅವನ ಹೆಸರು ಬರೆದುಕೊಂಡರು. ತರಬೇತಿ ತಪ್ಪೀತೆಂದು ತಂದೆ ಕಳುಹಿಸಲಿಲ್ಲ. ಆ ವರ್ಷ ನವೋದಯಕ್ಕೂ ಆಯ್ಕೆಯಾಗಲಿಲ್ಲ. ಸ್ಪರ್ಧೆಗೆ ಹೋಗಿದ್ದರೆ ಆಯ್ಕೆಯಾಗುತ್ತಿದ್ದನೆಂದು ನಾನು ಹೇಳಲಾರೆ. ಆದರೆ ಅವನು ಮತ್ತೆ ಮಣ್ಣು ಮುಟ್ಟಲಿಲ್ಲವೆಂಬುದೇ ನನ್ನ ಮನಸ್ಸನ್ನು ಕಾಡುವ ಸಂಗತಿ.

ವಿಚಾರ ಮಾಡಿ ನೋಡಿದರೆ ಕಲಿಕೆಗೂ ಇಂತಹ ಚಟುವಟಿಕೆಗೂ ವೈರವಿಲ್ಲ. ನವೋದಯ ಪರೀಕ್ಷೆಯ 100 ಅಂಕಗಳಲ್ಲಿ 50 ಅಂಕಗಳು ಬೌದ್ಧಿಕ ಸಾಮರ್ಥ್ಯಕ್ಕೆ ಮೀಸಲು. ಆಕೃತಿಗಳ ಸಾಮ್ಯ-ಭೇದಗಳನ್ನು ಗುರುತಿಸುವುದು, ಅಪೂರ್ಣ ಚಿತ್ರವನ್ನು ಪೂರ್ಣಗೊಳಿಸುವುದು ಅಲ್ಲಿಯ ಪ್ರಶ್ನೆಗಳು. ಚಿತ್ರ ಬರೆದ, ಮಣ್ಣು ತಿದ್ದಿದ ಬಾಲಕನ ಕಣ್ಣಿಗೆ ಅವು ಅಪರಿಚಿತವಲ್ಲ. ಭಾಷೆಯ 25 ಅಂಕಗಳು ಗದ್ಯಭಾಗವನ್ನು ಓದಿ ಗ್ರಹಿಸುವುದಕ್ಕೆ. ಕಥೆ ಹೇಳಿ, ಕಥೆ ಕೇಳಿ ಬೆಳೆದ ಮಗುವಿಗೆ ಅದು ಭಾರವಾಗದು.

ನಾನು ಮಠದ ಉಚಿತ ಪ್ರಸಾದನಿಲಯದಲ್ಲಿ ಓದಿದವನು. ಶ್ಲೋಕಗಳು ಬಾಯಿಗೆ ಬರುತ್ತಿದ್ದವು, ತ್ರೈರಾಶಿಯ ಲೆಕ್ಕ ಮಾತ್ರ ತಲೆಗೆ ಹತ್ತುತ್ತಿರಲಿಲ್ಲ. ಇದನ್ನು ಕಂಡ ಗುರುಗಳು ಬೆತ್ತ ಹಿಡಿಯಲಿಲ್ಲ. ನನ್ನನ್ನು ಒಂದು ತಿಂಗಳು ಉಗ್ರಾಣದ ಸೇವೆಗೆ ಹಚ್ಚಿದರು. ನೂರು ಮಂದಿಗೆ ಇಷ್ಟು ಸೇರು ಅಕ್ಕಿಯಾದರೆ, ಇಂದು ಪ್ರಸಾದಕ್ಕೆ ಕೂಡುವ ನೂರ ಮೂವತ್ತು ಮಂದಿಗೆ ಎಷ್ಟು? ಲೆಕ್ಕ ತಪ್ಪಿದ ದಿನ ಕೊನೆಯ ಪಂಕ್ತಿಗೆ ಅನ್ನ ಸಾಲದಾಯಿತು. ಹಸಿದು ಕುಳಿತ ಗೆಳೆಯರ ಮುಖ ಕಂಡ ಮೇಲೆ ನಾನು ಮತ್ತೆ ಆ ಲೆಕ್ಕ ತಪ್ಪಲಿಲ್ಲ. ವಾರ್ಷಿಕ ಪರೀಕ್ಷೆಯಲ್ಲಿ ಗಣಿತದಲ್ಲಿ ಉತ್ತೀರ್ಣನಾದುದು ಆ ಉಗ್ರಾಣದ ಪ್ರಸಾದ.

ಆರನೆಯ ತರಗತಿಗೆ ಬಂದ ಬಾಲಕನಿಗೆ ಇಂದು ಇನ್ನಷ್ಟು ಬಾಗಿಲುಗಳು ತೆರೆದಿವೆ. ಅವನ ಹೊಸ ಆಲೋಚನೆಯೊಂದು ಕೇಂದ್ರ ಸರಕಾರದ ಇನ್‌ಸ್ಪೈರ್ ಮಾನಕ್ ಯೋಜನೆಗೆ ಆಯ್ಕೆಯಾದರೆ, ಅದರ ಮಾದರಿ ಸಿದ್ಧಪಡಿಸಲು 10,000 ರೂಪಾಯಿ ದೊರೆಯುತ್ತದೆ. ಇದಕ್ಕೆ ಬೇಕಾದುದು ಕಂಠಪಾಠವಲ್ಲ. ಮನೆಯ, ಹೊಲದ ತೊಂದರೆಯೊಂದನ್ನು ಕಣ್ಣಿಟ್ಟು ನೋಡುವ ಅಭ್ಯಾಸ.

ಆದುದರಿಂದ ಪಾಲಕರಲ್ಲಿ ನನ್ನ ವಿನಂತಿ ಇಷ್ಟೆ. ತರಬೇತಿಗೆ ಕಳುಹಿಸಿರಿ, ಬೇಡವೆನ್ನೆನು. ಆದರೆ ದಿನಕ್ಕೆ ಒಂದು ಗಂಟೆ ಮಗು ತನಗೆ ಪ್ರಿಯವಾದ ಕೆಲಸದಲ್ಲಿರಲಿ. ಸಂತೆಯ ಲೆಕ್ಕವನ್ನು ಅವನೇ ಬರೆಯಲಿ. ಅವನು ಶಾಲೆಯಲ್ಲಿ ಹಾಡುವ ದಿನ ಹೊಲದ ಕೆಲಸವನ್ನು ಅರ್ಧ ದಿನ ನಿಲ್ಲಿಸಿ ಹೋಗಿ ಕುಳಿತುಕೊಳ್ಳಿರಿ. ಬಹುಮಾನ ಬಾರದಿದ್ದರೂ ತಂದೆ ಬಂದಿದ್ದನೆಂಬುದನ್ನು ಮಗು ಮರೆಯುವುದಿಲ್ಲ. ಅಂಕಪಟ್ಟಿ ಮುಂದಿನ ವರ್ಷ ಬದಲಾಗುತ್ತದೆ. ಆ ನೆನಪು ಜೀವಮಾನವಿಡೀ ಅವನನ್ನು ಕಾಯುತ್ತದೆ.