ಹಳೆಯ ಡೀಸೆಲ್ ಕಾರಿನ ಮಾರಾಟ

'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂಬ ಗಾದೆಗೆ 'ಹಳೆಯ ಕಾರು ಮಾರಿ ನೋಡು' ಎಂಬುದನ್ನೂ ಸೇರಿಸಿದರೆ ತಪ್ಪಾಗಲಾರದು. ನಮ್ಮ ಮನೆಯ ಡೀಸೆಲ್ ಸ್ವಿಫ್ಟ್ ಡಿಸೈರ್ ಕಾರನ್ನು ತಂದೆಯವರು ಮಾರಿದಾಗ ಜೊತೆಯಲ್ಲಿದ್ದು ನಾನು ತಿಳಿದುಕೊಂಡ ಕೆಲವು ಸಂಗತಿಗಳನ್ನು ಇಲ್ಲಿ ಸಂಗ್ರಹವಾಗಿ ಹೇಳುತ್ತೇನೆ.

ಈ ಕಾರಿನ 1248 ಸಿ.ಸಿ. ಎಂಜಿನ್ ಮಿತವ್ಯಯಕ್ಕೆ ಹೆಸರಾದುದು. 2020ರ ಏಪ್ರಿಲ್‌ನಲ್ಲಿ ಬಿ.ಎಸ್. 6 ನಿಯಮಗಳು ಜಾರಿಗೆ ಬಂದಾಗ ಮಾರುತಿ ಸುಜುಕಿ ಸಂಸ್ಥೆಯು ಡೀಸೆಲ್ ಕಾರುಗಳನ್ನೇ ನಿಲ್ಲಿಸಿತು. ಆದುದರಿಂದ ಇಂಥ ಕಾರು ಬೇಕೆನ್ನುವವರು ಹಳೆಯದನ್ನೇ ಹುಡುಕಬೇಕು. ಹಾಗೆಂದು ಕೇಳಿದ ಬೆಲೆ ಕೈಗೆ ಬರುವುದೆಂದಲ್ಲ. 'ಚೆನ್ನಾಗಿ ಇಟ್ಟುಕೊಂಡಿದ್ದೇವೆ' ಎಂದು ಎಲ್ಲರೂ ಹೇಳುತ್ತಾರೆ. ಕೊಳ್ಳುವವನಿಗೆ ಬೇಕಾದುದು ಸಾಕ್ಷ್ಯ.

ಮೊದಲ ಸಾಕ್ಷ್ಯವೆಂದರೆ ಸರ್ವೀಸ್ ಬಿಲ್ಲುಗಳು. ದಿನಾಂಕವೂ ಓಡಿದ ಕಿಲೋಮೀಟರುಗಳೂ ಸಾಲಾಗಿ ಹೊಂದಿಕೊಂಡು ಬಂದರೆ ಮೀಟರನ್ನು ಹಿಂದಕ್ಕೆ ತಿರುಗಿಸಿಲ್ಲವೆಂಬ ನಂಬಿಕೆ ಹುಟ್ಟುತ್ತದೆ.

ಎರಡನೆಯ ಸಾಕ್ಷ್ಯ ಎಂಜಿನ್. ಡೀಸೆಲ್ ಎಂಜಿನ್ನಿನಲ್ಲಿ ಕಿಡಿ ಹಾರಿಸುವ ಪ್ಲಗ್ ಇಲ್ಲ. ಸಿಲಿಂಡರಿನೊಳಗೆ ಗಾಳಿಯನ್ನು ಬಲವಾಗಿ ಒತ್ತಿದಾಗ ಹುಟ್ಟುವ ಕಾವಿನಿಂದಲೇ ಡೀಸೆಲ್ ಹೊತ್ತಿಕೊಳ್ಳುತ್ತದೆ. ಪಿಸ್ಟನ್ ರಿಂಗುಗಳು ಸವೆದಿದ್ದರೆ ಒತ್ತಡ ಸೋರಿಹೋಗಿ, ತಣ್ಣಗಿರುವ ಎಂಜಿನ್ ಬೇಗನೆ ಸ್ಟಾರ್ಟ್ ಆಗುವುದಿಲ್ಲ. ಹೊಗೆಯ ಬಣ್ಣವೂ ಗುಟ್ಟು ಹೇಳುತ್ತದೆ: ನೀಲಿಯಾದರೆ ಎಂಜಿನ್ ಆಯಿಲ್ ಸುಡುತ್ತಿದೆ, ದಟ್ಟ ಕಪ್ಪಾದರೆ ಡೀಸೆಲಿಗೆ ತಕ್ಕಷ್ಟು ಗಾಳಿ ಸಿಗುತ್ತಿಲ್ಲ.

ನೋಡುವವರು ಬರುವ ಮೊದಲೇ ಎಂಜಿನ್ ಬಿಸಿಮಾಡಿಡಿರೆಂದು ದಲ್ಲಾಳಿಯೊಬ್ಬನು ಸಲಹೆಯಿತ್ತನು. ತಂದೆಯವರು ಒಪ್ಪಲಿಲ್ಲ. ಬಂದವರ ಮುಂದೆಯೇ ಬಾನೆಟ್ ತೆರೆದು, ಎಂಜಿನ್ ತಣ್ಣಗಿರುವುದನ್ನು ತೋರಿಸಿ, ಬೀಗದ ಕೈಯನ್ನು ಅವರಿಗೇ ಕೊಟ್ಟರು. ಹಿಂದಿನ ಬಂಪರನ್ನು ಒಮ್ಮೆ ಬದಲಾಯಿಸಿದ್ದನ್ನೂ ತಾವಾಗಿಯೇ ಹೇಳಿದರು. ಆಮೇಲೆ ಚೌಕಾಸಿ ಹೆಚ್ಚು ನಡೆಯಲಿಲ್ಲ.

ಇನ್ನು ಮುಖ್ಯವಾದ ಮಾತು. ಹಣ ಕೈಸೇರಿದೊಡನೆ ಮಾರಾಟ ಮುಗಿಯಿತೆಂದು ಭಾವಿಸುವವರು ಬಹಳ ಮಂದಿ. ಅದು ಸರಿಯಲ್ಲ. 1988ರ ಮೋಟಾರು ವಾಹನ ಕಾಯಿದೆಯ 50ನೆಯ ಪ್ರಕರಣದಂತೆ, ರಾಜ್ಯದೊಳಗಿನ ಮಾರಾಟವನ್ನು ಮಾರಿದವನು 14 ದಿನಗಳೊಳಗೆ ಆರ್.ಟಿ.ಓ. ಕಚೇರಿಗೆ ತಿಳಿಸಬೇಕು. ಇದಕ್ಕೆ 29ನೆಯ ನಮೂನೆಯೂ ಹೆಸರು ಬದಲಾವಣೆಗೆ 30ನೆಯ ನಮೂನೆಯೂ ಉಂಟು. ಬ್ಯಾಂಕಿನ ಸಾಲ ತೀರಿದ್ದರೂ ಆರ್.ಸಿ.ಯಲ್ಲಿ ಅದರ ನಮೂದು ಉಳಿದಿದ್ದರೆ 35ನೆಯ ನಮೂನೆಯಿಂದ ತೆಗೆಸಬೇಕು. ವಿಮೆಯನ್ನೂ ಕೊಂಡವರ ಹೆಸರಿಗೆ ಮಾಡಿಸಬೇಕು.

ಇದನ್ನು ಅಲಕ್ಷ್ಯ ಮಾಡಿದರೆ ಏನಾದೀತು? 2018ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದ ಮೊಕದ್ದಮೆಯೊಂದರಲ್ಲಿ ಕಾರು ಹಲವರ ಕೈ ದಾಟಿತ್ತು. ಆದರೂ ಅಪಘಾತದ ಪರಿಹಾರದ ಹೊಣೆ ನೋಂದಣಿಯಲ್ಲಿ ಹೆಸರಿದ್ದವನ ಮೇಲೆಯೇ ಬಿದ್ದಿತು. ಯಾರೋ ಓಡಿಸಿದ ಕಾರಿಗೆ ಯಾರೋ ದಂಡ ತೆರಬೇಕಾಯಿತು.

ಆದುದರಿಂದ ಆರ್.ಸಿ.ಯಲ್ಲಿ ಕೊಂಡವರ ಹೆಸರನ್ನು ಕಣ್ಣಾರೆ ಕಂಡ ಮೇಲೆಯೇ ಕಾರು ಮಾರಿದೆವೆನ್ನಬೇಕು. ಕಾರು ಅಂಗಳ ಬಿಟ್ಟು ಹೋದ ಮೇಲೆ ಅದರ ಹೊಣೆ ಮನೆಯಲ್ಲಿ ಉಳಿಯಬಾರದು.