ಸೋಯಾ ಬೀಜ ಕಾಯುವುದು ಅದರ ಸಿಪ್ಪೆ

ಹೆಬ್ಬಾಳದಿಂದ ಯಲಹಂಕಕ್ಕೆ ಹೋಗುವ ದಾರಿಯಲ್ಲೇ ಇದೆ ಜಿಕೆವಿಕೆ, ನಮ್ಮ ಕೃಷಿ ವಿಶ್ವವಿದ್ಯಾಲಯ. ಅಲ್ಲಿನ ಬೀಜ ವಿಜ್ಞಾನಿಗಳಿಗೂ, ಬೀದರ್-ಬೆಳಗಾವಿಯ ರೈತರಿಗೂ ಗೊತ್ತಿರುವ ಸಂಕಟ ಒಂದೇ: ಅಕ್ಟೋಬರ್‌ನಲ್ಲಿ ಕೊಯ್ದ ಸೋಯಾ ಬೀಜ ಜೂನ್ ಬಿತ್ತನೆ ಹೊತ್ತಿಗೆ ಸರಿಯಾಗಿ ಮೊಳೆಯುವುದಿಲ್ಲ.

ಒಂದು ಕಾಳನ್ನು ಹತ್ತಿರದಿಂದ ನೋಡಿ. ಸಿಪ್ಪೆ ಅದರ ತೂಕದ ಸುಮಾರು ಶೇ. 8 ಮಾತ್ರ. ಬೇರಾಗುವ ಎಳೆ ಭಾಗ ಆ ತೆಳು ಸಿಪ್ಪೆಯ ಕೆಳಗೇ ಕೂತಿದೆ. ಒಕ್ಕಣೆ ಯಂತ್ರ ಜೋರಾಗಿ ತಿರುಗಿದರೆ, ಚೀಲವನ್ನು ಲಾರಿಯಿಂದ ಎತ್ತಿ ಹಾಕಿದರೆ, ಪೆಟ್ಟು ನೇರ ಅದಕ್ಕೇ.

ಸಿಪ್ಪೆಗೆ ಗಟ್ಟಿತನ ಕೊಡುವುದು ಲಿಗ್ನಿನ್. ಮರವನ್ನು ಗಟ್ಟಿ ಮಾಡುವುದೂ ಇದೇ. ಕಾಳಿತೂರ್‌ನಂಥ ಕಪ್ಪು ಸಿಪ್ಪೆಯ ತಳಿಗಳಲ್ಲಿ ಲಿಗ್ನಿನ್ ಸಾಮಾನ್ಯವಾಗಿ ಹೆಚ್ಚು, ಹಾಗಾಗಿ ಬಾಳಿಕೆಯೂ ಹೆಚ್ಚು. ಹಳದಿ ಕಾಳಿನ ಸಿಪ್ಪೆ ಬೇಗ ಬಿರಿಯುತ್ತದೆ. ಬಿರುಕಿನಿಂದ ತೇವ, ಬೂಷ್ಟು ಒಳನುಗ್ಗುತ್ತವೆ. ಕಾಳಿನ ಶೇ. 20ರಷ್ಟು ಎಣ್ಣೆ ಕೆಡುತ್ತಾ ಜೀವಕೋಶದ ಪೊರೆಯನ್ನೇ ಹಾಳುಮಾಡುತ್ತದೆ.

ಬಿತ್ತುವ ಮುಂಚೆ 100 ಕಾಳನ್ನು ಒದ್ದೆ ಗೋಣಿಚೀಲದಲ್ಲಿ ಸುತ್ತಿಟ್ಟು, ಎಷ್ಟು ಮೊಳೆಯುತ್ತವೆ ಎಂದು ಎಣಿಸಿ. ನೀರಲ್ಲಿ ಮಾತ್ರ ನೆನೆಸಬೇಡಿ, ಸಿಪ್ಪೆ ಬಿರಿದ ಕಾಳು ಗಬಗಬ ನೀರು ಕುಡಿದು ಒಳಗೇ ಒಡೆಯುತ್ತದೆ. ಪ್ರಮಾಣಿತ ಬೀಜಕ್ಕೆ ಕನಿಷ್ಠ ಶೇ. 70 ಮೊಳಕೆ ಇರಬೇಕು. ನಿಮ್ಮದು ಅದಕ್ಕಿಂತ ಕಡಿಮೆ ಬಂದರೆ ಎಕರೆಗೆ ಹಾಕುವ ಬೀಜ ಹೆಚ್ಚಿಸಿ, ಇಲ್ಲವೇ ಬೇರೆ ಬೀಜ ತನ್ನಿ.