ಬೆಳಕಿಗೆ ಅಡ್ಡವಾದ ಸರಳುಗಳು

ನಾಯಕನು ಉಳಿಯುವನೋ ಅಳಿಯುವನೋ ಎಂಬ ಕುತೂಹಲವೇ ಸಾಮಾನ್ಯವಾಗಿ ಯುದ್ಧಚಿತ್ರಗಳ ಜೀವಾಳ. ಪೋಲೆಂಡಿನ ನಿರ್ದೇಶಕ ಆಂದ್ಜೆಯ್ ವೈದಾ ಅವರ ‘ಕನಾವ್’, ಎಂದರೆ ‘ಚರಂಡಿ’, ಆ ಕುತೂಹಲಕ್ಕೆ ಆರಂಭದಲ್ಲಿಯೇ ತೆರೆಯೆಳೆಯುತ್ತದೆ. 1957ರಲ್ಲಿ ತೆರೆಕಂಡ ಈ ಚಿತ್ರದ ಮೊದಲ ದೃಶ್ಯದಲ್ಲಿ ದಣಿದ ಹೋರಾಟಗಾರರ ತುಕಡಿಯೊಂದು ಪಾಳುಬಿದ್ದ ನಗರದಲ್ಲಿ ಸಾಗುತ್ತಿರುತ್ತದೆ. ಇವರನ್ನು ಚೆನ್ನಾಗಿ ನೋಡಿಕೊಳ್ಳಿರೆಂದೂ, ಇವು ಇವರ ಬಾಳಿನ ಕೊನೆಯ ಗಳಿಗೆಗಳೆಂದೂ ಹಿನ್ನೆಲೆಯ ಧ್ವನಿ ತಿಳಿಸುತ್ತದೆ. ಅಲ್ಲಿಗೆ ಉಳಿಯುವ ಪ್ರಶ್ನೆ ಒಂದೇ: ಸಾವು ಖಚಿತವೆಂದಾಗ ಮನುಷ್ಯನು ಹೇಗೆ ನಡೆದುಕೊಳ್ಳುತ್ತಾನೆ?

ಕಥೆಯ ಹಿಂದಿರುವುದು ನಿಜವಾದ ಇತಿಹಾಸ. 1944ರ ಆಗಸ್ಟ್ 1ರಂದು ವಾರ್ಸಾ ನಗರದ ಗುಪ್ತಸೇನೆಯು ಜರ್ಮನರ ವಿರುದ್ಧ ದಂಗೆಯೆದ್ದಿತು. ಹೆಂಗಸರೂ ಹದಿಹರೆಯದ ಹುಡುಗರೂ ಸೇರಿ 63 ದಿನಗಳವರೆಗೆ ಹೋರಾಡಿದರು. ಬೀದಿಗಳು ಒಂದೊಂದಾಗಿ ಶತ್ರುವಶವಾದಂತೆ, ಬಡಾವಣೆಯಿಂದ ಬಡಾವಣೆಗೆ ತಪ್ಪಿಸಿಕೊಂಡು ಹೋಗಲು ನೆಲದಡಿಯ ಚರಂಡಿಗಳೇ ಗತಿಯಾದವು. ಚಿತ್ರಕಥೆಯನ್ನು ಬರೆದ ಯೆಝಿ ಸ್ಟೆಫಾನ್ ಸ್ಟಾವಿನ್‌ಸ್ಕಿ ಸ್ವತಃ ಆ ದಂಗೆಯಲ್ಲಿ ಹೋರಾಡಿ, ಆ ಕತ್ತಲನ್ನು ಹಾದುಬಂದವರು.

ಲೆಫ್ಟಿನೆಂಟ್ ಜದ್ರನ ತುಕಡಿ ಚರಂಡಿಗೆ ಇಳಿದೊಡನೆಯೇ ದಾರಿ ತಪ್ಪಿ ಚದುರುತ್ತದೆ. ಅಲ್ಲಿ ಶತ್ರುವು ಕಣ್ಣಿಗೆ ಬೀಳುವುದೇ ಅಪರೂಪ. ಕೆಸರು, ವಿಷಗಾಳಿ, ಭಯ ಇವೇ ಕೊಲ್ಲುತ್ತವೆ. ಸಂಗೀತಗಾರನೊಬ್ಬನು ಬುದ್ಧಿ ಕಳೆದುಕೊಂಡು ಪುಟ್ಟ ಕೊಳಲನ್ನು ಊದುತ್ತ ಅಲೆಯುತ್ತಾನೆ. ಆ ಹಾದಿಗಳನ್ನು ಬಲ್ಲ ಸ್ಟೊಕ್ರೊತ್ಕ ಎಂಬ ತರುಣಿ, ಗಾಯಗೊಂಡ ತನ್ನ ಪ್ರಿಯನನ್ನು ಎಳೆದುಕೊಂಡು ಬೆಳಕಿನತ್ತ ಬರುತ್ತಾಳೆ. ಎದುರಿಗೆ ವಿಸ್ತುಲಾ ನದಿ, ಹಸಿರು ದಡ. ನಡುವೆ ಕಬ್ಬಿಣದ ಸರಳುಗಳು! ಕಣ್ಣು ಮಂಜಾದ ಅವನಿಗೆ ಅವಳು ಸರಳುಗಳ ಮಾತನ್ನೇ ಎತ್ತುವುದಿಲ್ಲ.

1944ರ ಸೆಪ್ಟೆಂಬರಿನಲ್ಲಿ ಆಚೆ ದಡದಲ್ಲಿದ್ದುದು ಸೋವಿಯತ್ ಸೇನೆ. ಅದು ನದಿ ದಾಟಿ ನಗರವನ್ನು ಬಿಡಿಸಲಿಲ್ಲ. 1957ರ ಪೋಲೆಂಡಿನಲ್ಲಿ ಇದನ್ನು ಬಾಯಿಬಿಟ್ಟು ಹೇಳುವಂತಿರಲಿಲ್ಲ. ಹೇಳದಿದ್ದರೂ ಪ್ರೇಕ್ಷಕರು ಅರಿತರು. ಆದರೆ ಮಕ್ಕಳನ್ನು ಕಳೆದುಕೊಂಡಿದ್ದ ಆ ನಗರದ ಜನ ತೆರೆಯ ಮೇಲೆ ವೀರರನ್ನು ಕಾಣಬಯಸಿದ್ದರು; ಕೆಸರಿನಲ್ಲಿ ಉಸಿರುಗಟ್ಟುವವರನ್ನು ಕಂಡು ಹಲವರು ನೊಂದರು. ಅದೇ ವರ್ಷ ಕಾನ್ ಚಿತ್ರೋತ್ಸವದಲ್ಲಿ ಚಿತ್ರಕ್ಕೆ ತೀರ್ಪುಗಾರರ ವಿಶೇಷ ಪ್ರಶಸ್ತಿ ದೊರೆಯಿತು.

ಆ ಮೊದಲ ಪ್ರಶ್ನೆಗೆ ಉತ್ತರವು ಕೊನೆಯ ದೃಶ್ಯದಲ್ಲಿದೆ. ಜದ್ರನು ಹೇಗೋ ಮೇಲೆ ಬರುತ್ತಾನೆ. ತುಕಡಿ ಹಿಂದೆಯೇ ಬರುತ್ತಿದೆಯೆಂದು ಹೇಳುತ್ತ ಬಂದ ಸಾರ್ಜೆಂಟನ ಮಾತು ಸುಳ್ಳೆಂದು ಆಗ ತಿಳಿಯುತ್ತದೆ. ಅವನನ್ನು ಗುಂಡಿಕ್ಕಿ ಕೊಂದು, ಬಯಲ ಬೆಳಕಿಗೆ ಬೆನ್ನು ಮಾಡಿ, ತನ್ನವರನ್ನು ಹುಡುಕಲು ಜದ್ರನು ಮತ್ತೆ ಆ ಚರಂಡಿಗೇ ಇಳಿಯುತ್ತಾನೆ.